ಹದಿನೇಳನೇ ಪಂಪು

ನನ್ನ ಹೆಸರು ಬೋರಮ್ಮ.
ಬೋರ್‌ವೆಲ್ಲಿಗೂ ನನಗೂ ನೆಂಟಸ್ತಿಕೆ ಇಲ್ಲ,
ಅದು ನಮ್ಮ ಮನೆದೇವರ ಹೆಸರು ಅಂದರೆ
ಮೂರು ದೇಶದವರು ಕೂತ ಸಭೆಯಲ್ಲಿ ಯಾರೂ ನಂಬಲಿಲ್ಲ.
ನಕ್ಕರು. ನಾನೂ ನಕ್ಕೆ.
ಕೆಲಸ ಶುರುವಾದದ್ದು ಹಾಗೆ.

ಸುರಪುರ ದಾಟಿ, ಹುಣಸಿಕಟ್ಟಿ ತಾಂಡಾ.
ಮೊದಲು ನಲವತ್ತು ಸಲ ಒತ್ತಬೇಕು:
ಪೈಪಿನೊಳಗೆ ನಿದ್ದೆಹೋದ ನೀರು ಸಾಕ್ಷಿಗೆ ಬರದು,
ಆಳದ್ದು ಬೇಕು, ಈಗಷ್ಟೇ ಎದ್ದದ್ದು.
ಕೊಡ ಹಿಡಿದು ನಿಂತವರ ಎದುರು
ನಲವತ್ತು ಸಲ ನೀರು ನೆಲಕ್ಕೆ ಬಿಡುವುದೆಂದರೆ
ನಿಲೂಫರ್ ಅದನ್ನು ಪದ್ಧತಿ ಅನ್ನುತ್ತಾಳೆ.
ಠಾಕ್ರಿಬಾಯಿ ಅಂದದ್ದನ್ನು ನಾನು ಇಂಗ್ಲಿಷಿಗೆ ತಿರುಗಿಸಲಿಲ್ಲ.
ಕಡೆಗೆ ಆಕೆಯೇ ಬಕೀಟು ತಂದು ಕೆಳಗಿಟ್ಟಳು:
“ಎಷ್ಟ್ ಒತ್ತತಿ ಒತ್ತವ್ವ, ಎಮ್ಮಿ ಕುಡಿತಾವ.”
ಎಮ್ಮೆ ಎಂಬ ಮಾತಿಗೆ ನಿಲೂಫರ್ ತಲೆಯೆತ್ತಿ
ಪೆನ್ಸಿಲಿನಲ್ಲಿ ಬರೆದುಕೊಂಡಳು:
ಹಾಲನ್ನೂ ನೋಡಬೇಕು.

ಒಂದೇ ನೀರು, ಮೂರು ಬಾಟಲಿ.
ಒಂದೊಂದಕ್ಕೂ ಎರಡು ಹನಿ ಆಮ್ಲ,
ಇಲ್ಲದಿದ್ದರೆ ಇದ್ದದ್ದು ಗೋಡೆಗೆ ಅಂಟಿ
ಇಲ್ಲವೆನಿಸಿಬಿಡುತ್ತದೆ.
ಒಂದು ಕಲಬುರಗಿಗೆ, ಒಂದು ರಾಜಶಾಹಿಗೆ,
ಒಂದು ಕೋಪನ್‌ಹೇಗನ್ನಿಗೆ.
ನಾಲ್ಕನೆಯದೂ ಒಂದಿದೆ, ಅದರ ಹೆಸರು ಖಾಲಿ.
ಖಾಲಿ ಅಂದರೆ ಖಾಲಿಯಲ್ಲ, ಬಟ್ಟಿ ಇಳಿಸಿದ ನೀರು.
ಅದೂ ನಮ್ಮೊಂದಿಗೆ ಬಸ್ಸು ಹತ್ತುತ್ತದೆ,
ಪಂಪಿನ ಬಳಿ ಮುಚ್ಚಳ ತೆರೆಸಿಕೊಳ್ಳುತ್ತದೆ,
ನಾವು ದಾರಿಯಲ್ಲಿ ಏನೂ ಬೆರೆಸಲಿಲ್ಲ ಎಂದು
ಆಣೆ ಮಾಡಲಿಕ್ಕೆ.

ನಿಲೂಫರಳ ಊರು ಪದ್ಮಾ ದಂಡೆ.
ಮನೆಯ ಪಂಪಿಗೆ ಕೆಂಪು ಬಳಿದ ವರ್ಷ
ಅವಳಕ್ಕನ ನಿಶ್ಚಯ ಮುರಿಯಿತಂತೆ,
ಗಂಡಿನವರು ಬಂದು ಅಂಗೈ ನೋಡಿದರಂತೆ.
ಅಷ್ಟು ಹೇಳಿ ನೀರಿನ ಉಷ್ಣತೆ ಬರೆದಳು: ಇಪ್ಪತ್ತೊಂಬತ್ತು.
ಇದೊಂದನ್ನು ಮಾತ್ರ ನಾನು ಚಾಚೂ ತಪ್ಪದೆ ತಿರುಗಿಸಿ ಹೇಳಿದೆ.
ಹೇಳಬಾರದಿತ್ತೇನೋ.
ಠಾಕ್ರಿಬಾಯಿ ತನ್ನ ಎರಡೂ ಕೈ
ಕನ್ನಡಿ ಹೊಲಿದ ಓಢಣಿಯೊಳಗೆ ಎಳೆದುಕೊಂಡಳು.

ಯೋರ್ಗನ್ ಬಂಡೆ ಓದುವವ.
ಬೇವಿನ ನೆರಳಲ್ಲಿ ರೊಟ್ಟಿ ಮುರಿಯುತ್ತ ಕೇಳಿದ:
ಆರ್ಸೆನಿಕ್ಕಿಗೆ ನಿಮ್ಮಲ್ಲಿ ಏನನ್ನುತ್ತಾರೆ?
ಪಾಷಾಣ, ಅಂದೆ.
ಹಾಗಂದರೆ?
ವಿಷ.
ಬೇರೆ ಅರ್ಥ?
ಕಲ್ಲು.
ಎರಡಕ್ಕೂ?
ಎರಡಕ್ಕೂ.
ಅವನ ಕೈಯ ರೊಟ್ಟಿ ಅಲ್ಲೇ ನಿಂತಿತು.
ಎಂಬತ್ತಾರು ಕೊರೆತ, ಮೂರು ಬೇಸಿಗೆ ಬೇಕಾಗಿತ್ತು ಅವನಿಗೆ,
ಇದು ಗೊಬ್ಬರದ್ದಲ್ಲ, ಕಾರ್ಖಾನೆಯದ್ದಲ್ಲ,
ಕೆಳಗಿನ ಬಂಡೆಯೇ ಬಿಡುತ್ತಿರುವುದು ಎಂದು ಸಾಧಿಸಲು.
“ಮೊದಲೇ ಯಾಕೆ ಹೇಳಲಿಲ್ಲ?”
ನೀವು ಮೊದಲೇ ಯಾಕೆ ಕೇಳಲಿಲ್ಲ, ಅನ್ನಬೇಕೆಂದಿದ್ದೆ.
ಶೇಂಗಾ ಹಿಂಡಿ ಬಡಿಸಿದೆ.

ಎರಡು ತಿಂಗಳಿಗೆ ಅಂಕಿಗಳು ಬಂದವು.
ಕೋಪನ್‌ಹೇಗನ್: ಅರವತ್ತೆಂಟು.
ರಾಜಶಾಹಿ: ಎಪ್ಪತ್ತೊಂದು.
ನನ್ನ ಕಲಬುರಗಿ, ಎರಡು ಸಲ ಕರೆಂಟು ಹೋಗಿ: ಐವತ್ತೊಂಬತ್ತು.
ಖಾಲಿ: ಏನೂ ಇಲ್ಲ.
ಪರದೆಯ ಮೇಲೆ ಮೂರು ಊರು, ಮೂರು ಹೊತ್ತು,
ಒಂಬತ್ತು ಹೆಚ್ಚೋ ಹನ್ನೆರಡು ಕಡಿಮೆಯೋ ಎಂಬ ವಾದ.
ನನ್ನ ಹಳೇ ಯಂತ್ರದ ಮೈಮೇಲೆ ಕೈಯಿಟ್ಟು ಕೂತಿದ್ದೆ,
ಜ್ವರದ ಮಗುವಿನ ಪಕ್ಕ ಕೂತ ಹಾಗೆ.
ನಿಲೂಫರ್ ಕಡೆಗೆ ಅಂದಳು,
ಹತ್ತು ದಾಟಬಾರದು ಅನ್ನುವುದಕ್ಕೆ
ಮೂವರದೂ ಒಂದೇ ಮಾತಲ್ಲವೆ,
ಬಣ್ಣದ ಡಬ್ಬಿ ತೆಗೆದುಕೊಂಡು ಹೋಗು.

ಹೋದೆ. ಕೆಂಪು ಬಳಿದೆ.
ಹಿಡಿಕೆಗೂ ಬಳಿದೆ, ಮುಟ್ಟಿದರೆ ಅಂಟಲೆಂದು.
ಎಮ್ಮೆ ಬಂದು ಒಣ ಬಕೀಟು ಮೂಸಿತು.
“ಮೂರ್ ಮಂದಿ ಮೂರ್ ಲೆಕ್ಕ ಹೇಳ್ಯಾರಂತ,
ನಾ ಕುಡದದ್ದು ಯಾವದವ್ವ?”
ಮೂರೂ, ಅಂದೆ. ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಠಾಕ್ರಿಬಾಯಿ ನನ್ನ ಥರ್ಮೊಕೋಲ್ ಪೆಟ್ಟಿಗೆಯೊಳಗೆ ಇಣುಕಿ
ನಾಲ್ಕನೆಯ ಬಾಟಲಿಯನ್ನು ಎತ್ತಿ
ಬಿಸಿಲಿಗೆ ಹಿಡಿದು ನೋಡಿದಳು.
“ಇದರಾಗ ಏನೂ ಇಲ್ಲಂದಿ.
ಇದು ಯಾವೂರ ನೀರು? ಅಲ್ಲಿಗಿ ಬಸ್ ಅದನ?”

ಚೀಟಿ ಅವಳತ್ತ ತಿರುಗಿತ್ತು.
ಊರು ಎಂಬಲ್ಲಿ
ಗೀಟು ಎಳೆದವಳು ನಾನೇ.